ಹೆಸರು ಬದಲಾದರೆ ಕರುಳು ಬದಲಾಗುವುದೆ?

ಕೂಸು ಹುಟ್ಟಿದ ಮನೆಯಲ್ಲಿ ತೊಟ್ಟಿಲು ಕಟ್ಟಿ, ಸೋದರತ್ತೆಯು ಕಿವಿಯಲ್ಲಿ ಹೆಸರನ್ನು ಉಸುರಿದ ಗಳಿಗೆಯಿಂದ ಆ ಜೀವವು ಸಮಾಜದ ಒಂದು ಅಂಗವಾಗುತ್ತದೆ. ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಹೆಸರು ಮೂರು ಎಳೆಯ ದಾರವಿದ್ದಂತೆ. ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಮೊದಲನೆಯ ಎಳೆಯ ತುದಿಯಲ್ಲಿ ಅಪ್ಪ, ಅವ್ವ, ಅಯ್ಯ, ಅಮ್ಮ ಎಂಬ ಪದವೊಂದು ಕೂಡಿಕೊಂಡು, ಇವನು ಗಂಡು, ಇವಳು ಹೆಣ್ಣು ಎಂದು ಕೇಳಿದವರಿಗೆ ಸಾರಿಬಿಡುತ್ತದೆ. ಬಸಪ್ಪನಿಗೂ ಬಸವ್ವನಿಗೂ ನಡುವೆ ಇರುವುದು ಒಂದೇ ಅಕ್ಷರದ ಅಂತರ. ಆ ಒಂದು ಅಕ್ಷರವನ್ನು ದಾಟಲು ಕೆಲವರಿಗೆ ಅರ್ಧ ಆಯುಷ್ಯವೇ ಹಿಡಿಯುತ್ತದೆ.

ಹುಟ್ಟಿನಲ್ಲಿ ಗಂಡೆಂದು ಬರೆಯಿಸಲ್ಪಟ್ಟು ಅಂತರಂಗದಲ್ಲಿ ಹೆಣ್ಣಾಗಿ ಬೆಳೆದವರು, ಹೆಣ್ಣೆಂದು ಬರೆಯಿಸಲ್ಪಟ್ಟು ಗಂಡಾಗಿ ಬೆಳೆದವರು, ಎರಡರಲ್ಲಿಯೂ ಒಂದಾಗದವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಇಂದು ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯುವುದು ರೂಢಿ. 2011ರ ಜನಗಣತಿಯಲ್ಲಿ ಗಂಡು ಹೆಣ್ಣು ಎಂಬ ಎರಡು ಅಂಕಣಗಳನ್ನು ಬಿಟ್ಟು ‘ಇತರೆ’ ಎಂಬಲ್ಲಿ ದಾಖಲಾದವರು ಕರ್ನಾಟಕದಲ್ಲಿ 20,266 ಜನ. ಇದು ಗಣತಿದಾರರ ಮುಂದೆ ಬಾಯಿಬಿಟ್ಟು ಹೇಳಿದವರ ಸಂಖ್ಯೆ ಮಾತ್ರ. ಇಂಥ ಮಗುವೊಂದು ಬೆಳೆದು ನಿಂತು ‘ನನ್ನ ಹೆಸರನ್ನು ಕಾಗದಪತ್ರಗಳಲ್ಲಿ ಬದಲಿಸಬೇಕು’ ಎಂದಾಗ ಮನೆಯಲ್ಲಿ ಏಳುವ ಅಂಜಿಕೆಗಳು ಒಂದೆರಡಲ್ಲ. ಅವುಗಳನ್ನು ಶಾಂತಚಿತ್ತದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಹೆಸರು ಬದಲಾಗುವುದು ನಮಗೆ ಹೊಸದಲ್ಲ

ಮದುವೆಯಾಗಿ ಬಂದ ಸೊಸೆಗೆ ಗಂಡನ ಮನೆಯಲ್ಲಿ ಬೇರೊಂದು ಹೆಸರಿಡುವ ರೂಢಿ ನಮ್ಮ ಭಾಗದಲ್ಲಿ ಬಹಳ ಮನೆಗಳಲ್ಲಿದೆ. ತವರಿನಲ್ಲಿ ಗಂಗವ್ವ, ಅತ್ತೆಯ ಮನೆಯಲ್ಲಿ ಪಾರ್ವತೆವ್ವ. ಶಾಲೆಯ ದಾಖಲೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅಡಚಣೆಯಾದಾಗ ‘ಈ ಎರಡೂ ಹೆಸರಿನವಳು ನಾನೊಬ್ಬಳೇ’ ಎಂದು ಪ್ರಮಾಣಪತ್ರ ಬರೆಯಿಸಿ ಸರಿಪಡಿಸಿಕೊಳ್ಳುತ್ತೇವೆ. ಆಕೆಯ ಕುಲ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ.

ಮಠದಲ್ಲಿ ಓದಿ ಬೆಳೆದ ನಮಗೆ ಇನ್ನೊಂದು ನಿದರ್ಶನವು ಕಣ್ಣೆದುರಿನದು. ಬಾಲಕನೊಬ್ಬನು ಮಠಕ್ಕೆ ಮರಿಯಾಗಿ ಬರುತ್ತಾನೆ. ಪಟ್ಟಾಧಿಕಾರದ ದಿನ ಅವನ ಪೂರ್ವಾಶ್ರಮದ ಹೆಸರು ಹಿಂದೆ ಸರಿದು ಹೊಸ ಹೆಸರು ನೆಲೆಗೊಳ್ಳುತ್ತದೆ. ನಿನ್ನೆ ಅವನನ್ನು ಏಕವಚನದಲ್ಲಿ ಕೂಗಿದ ಓಣಿಯ ಹಿರಿಯರೇ ಇಂದು ಆ ಹೊಸ ಹೆಸರಿಗೆ ಕೈಮುಗಿಯುತ್ತಾರೆ. ಹಡೆದ ತಾಯಿಯೂ ‘ಬುದ್ಧಿ’ ಎನ್ನುತ್ತಾಳೆ. ಹಳೆಯ ಹೆಸರು ಹಿಡಿದು ಕರೆಯುವುದು ಅಗೌರವವೆಂದು ಯಾರೂ ಕಲಿಸಬೇಕಾಗಿಲ್ಲ, ಎಲ್ಲರಿಗೂ ತಿಳಿದಿದೆ. ಬಾಳಿನ ಸ್ಥಿತಿ ಬದಲಾದಾಗ ಹೆಸರು ಬದಲಾಗಬಹುದೆಂಬ ತತ್ತ್ವವನ್ನು ನಾವು ಎಂದೋ ಒಪ್ಪಿದ್ದೇವೆ. ಒಪ್ಪದೆ ಉಳಿದಿರುವುದು ಈ ಒಂದು ಗುಂಪಿನ ವಿಷಯದಲ್ಲಿ ಮಾತ್ರ.

ಊರುಗಳ ಹೆಸರಿನ ಕಥೆಯೂ ಹೀಗೆಯೆ. ನಮ್ಮ ಅಜ್ಜಂದಿರ ಖರೀದಿ ಪತ್ರಗಳನ್ನು ತೆಗೆದು ನೋಡಿರಿ. ಮುಂಬಯಿ ಪ್ರಾಂತ ಎಂದಿರುತ್ತದೆ. ತಂದೆಯ ಕಾಲದ ಪತ್ರದಲ್ಲಿ ಮೈಸೂರು ರಾಜ್ಯ, ಧಾರವಾಡ ಜಿಲ್ಲೆ ಎಂದಿರುತ್ತದೆ. 1973ರಲ್ಲಿ ರಾಜ್ಯವು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆಯು ಗದಗವಾಯಿತು. ರೋಣ ತಾಲೂಕಿನ ಗಜೇಂದ್ರಗಡವು ಮುಂದೆ ತಾನೇ ಒಂದು ತಾಲೂಕಾಯಿತು. ಕಾಗದದ ತಲೆಬರಹ ಇಷ್ಟು ಸಲ ಬದಲಾದರೂ ಎರೆಹೊಲ ಅದೇ, ಬದು ಅದೇ. ‘ಹೆಸರು ತಿರುಗಿತು, ಹೊಲ ನಮ್ಮದಲ್ಲ’ ಎಂದು ಯಾರೂ ಬಿಟ್ಟು ಹೋಗಲಿಲ್ಲ.

ಜಾತ್ರೆಗೆ ಸಂದ ಹೆಸರು, ಬ್ಯಾಂಕಿಗೆ ಸಲ್ಲದ ಹೆಸರು

ನರಗುಂದದವರಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ದೂರವಲ್ಲ. ಜೋಗಪ್ಪಗಳನ್ನು ಕಾಣದ ಹಳ್ಳಿ ಈ ಭಾಗದಲ್ಲಿ ಇಲ್ಲವೆನ್ನಬೇಕು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥನೆಂಬ ಹೆಸರಿನಿಂದ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಮಂಜಮ್ಮ ಜೋಗತಿಯಾದವರ ಬಾಳನ್ನು ನಾಡು ಬಲ್ಲದು. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ರಾಷ್ಟ್ರಪತಿಗಳ ಮುಂದೆ ಕರೆಯಲ್ಪಟ್ಟ ಹೆಸರು ಮಂಜಮ್ಮ ಎಂಬುದೇ.

ಆದರೆ ಎಲ್ಲರಿಗೂ ಅಂಥ ಭಾಗ್ಯವಿಲ್ಲ. ಜಾತ್ರೆಯಲ್ಲಿ ಚೌಡಿಕೆಯ ಹಾಡಿಗೆ ಸಾಕಾಗುವ ಹೆಸರು ಬ್ಯಾಂಕಿನ ಕಿಟಕಿಯ ಮುಂದೆ ಸಾಕಾಗುವುದಿಲ್ಲ. ಅಲ್ಲಿ ಮುಖ ಒಂದು, ಭಾವಚಿತ್ರ ಒಂದು, ಹೆಸರು ಇನ್ನೊಂದು ಎಂದಾದಾಗ ಪ್ರಶ್ನೆ ಏಳುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗಷ್ಟೇ ಅಲ್ಲದೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವನ್ನು ಕೊಟ್ಟಿತು. ಆದರೆ ನಿರ್ವಾಹಕನಿಗೆ ತೋರಿಸುವ ಗುರುತಿನ ಚೀಟಿಯಲ್ಲಿ ಹಳೆಯ ಹೆಸರಿದ್ದರೆ, ಬಸ್ಸಿನ ತುಂಬ ಜನರ ಎದುರು ತನ್ನ ಬಾಳನ್ನು ವಿವರಿಸುವ ಸಂಕಟ ಬರುತ್ತದೆ. 2021ರಲ್ಲಿ ರಾಜ್ಯ ಸರಕಾರವು ನೇರ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಸ್ಥಾನಗಳನ್ನು ಇವರಿಗಾಗಿ ಮೀಸಲಿಟ್ಟಿತು. ಅರ್ಜಿಯ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಹೊಂದಾಣಿಕೆಯಿಲ್ಲದಿದ್ದರೆ ಅದು ಎಷ್ಟು ಜನರಿಗೆ ದಕ್ಕೀತು?

ಕಚೇರಿಯ ದಫ್ತರವೆಂದರೆ ಇವರಿಗೆ ಅಂಜಿಕೆ ಇರುವುದಕ್ಕೆ ಹಳೆಯ ಕಾರಣವೂ ಇದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು ಇಂಥವರ ಹೆಸರು, ವಾಸಸ್ಥಳಗಳನ್ನು ಬರೆದಿಟ್ಟು ಕಾಯುವುದಕ್ಕೆಂದೇ ಇತ್ತು. ಸರಕಾರ ಹೆಸರು ಬರೆದುಕೊಂಡಿತೆಂದರೆ ಸಂಶಯಕ್ಕೆ ಗುರಿಯಾದೆವೆಂದೇ ಅರ್ಥ. ಈಗ ಹೆಸರು ಬರೆಯಿಸುವುದು ಹಕ್ಕನ್ನು ಪಡೆಯುವುದಕ್ಕಾಗಿ. ಈ ವ್ಯತ್ಯಾಸವನ್ನು ಮನೆಯವರು ಮನಗಾಣಬೇಕು.

ಕಾನೂನು ತೋರಿದ ದಾರಿ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಈ ಮಾರ್ಗದ ಮೊದಲ ಮೈಲಿಗಲ್ಲು. ಗಂಡು, ಹೆಣ್ಣು, ತೃತೀಯ ಲಿಂಗ ಎಂಬ ಗುರುತನ್ನು ವ್ಯಕ್ತಿಯು ತಾನೇ ನಿರ್ಧರಿಸಬಲ್ಲನೆಂದು ಅದು ಸಾರಿತು. ಅದರ ಬೆನ್ನಿಗೆ ಸಂಸತ್ತು 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ ಕಾಯ್ದೆಯನ್ನು ಮಾಡಿತು. ಅದು 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಯಮಗಳು ಪ್ರಕಟವಾದವು.

ಆ ನಿಯಮಗಳು ಹಾಕಿಕೊಟ್ಟ ಕ್ರಮ ಹೀಗಿತ್ತು: ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗೆ, ಪ್ರಮಾಣಪತ್ರದೊಂದಿಗೆ ಅರ್ಜಿ. ಅದನ್ನು ರಾಷ್ಟ್ರೀಯ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿತ್ತು. ಮೂವತ್ತು ದಿನಗಳೊಳಗೆ ಗುರುತಿನ ಪ್ರಮಾಣಪತ್ರ. ಅರ್ಜಿ ತಿರಸ್ಕೃತವಾದರೆ ತೊಂಬತ್ತು ದಿನಗಳೊಳಗೆ ಮೇಲ್ಮನವಿ. ಹದಿನೆಂಟು ತುಂಬದ ಮಕ್ಕಳ ಪರವಾಗಿ ತಂದೆತಾಯಿ ಇಲ್ಲವೆ ಪಾಲಕರು ಅರ್ಜಿ ಹಾಕಬೇಕು. ಈ ಪತ್ರ ಕೈಗೆ ಬಂದ ಮೇಲೆ ಜನನ ಪತ್ರವೂ ಸೇರಿದಂತೆ ಗುರುತಿನ ಎಲ್ಲ ದಾಖಲೆಗಳಲ್ಲಿ ತನ್ನ ಮೊದಲ ಹೆಸರನ್ನು ಬದಲಿಸಿಕೊಳ್ಳಲು ಕಾಯ್ದೆಯು ಅಧಿಕಾರ ಕೊಟ್ಟಿತು. ಕಾಯ್ದೆ, ನಿಯಮಗಳು ತಿದ್ದುಪಡಿಗೆ ಒಳಗಾಗುವಂಥವು. ವೈದ್ಯಕೀಯ ಕಾಗದ ಬೇಕೆ, ಯಾವ ನಮೂನೆ ಎಂಬುದನ್ನು ಅರ್ಜಿ ಹಾಕುವ ಹೊತ್ತಿಗೆ ಗದಗಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿಯೋ ವಿಚಾರಿಸಿಕೊಂಡೇ ಮುಂದುವರಿಯಬೇಕು.

ಇಲ್ಲಿ ‘ಮೊದಲ ಹೆಸರು’ ಎಂಬ ಮಾತನ್ನು ಗಮನಿಸಿರಿ. ಕಾಯ್ದೆಯು ಬಿಚ್ಚುವುದು ಮೂರು ಎಳೆಗಳಲ್ಲಿ ಮೊದಲನೆಯದನ್ನು ಮಾತ್ರ. ತಂದೆಯ ಹೆಸರು, ಮನೆತನದ ಅಡ್ಡಹೆಸರು ಇದ್ದಲ್ಲಿಯೇ ಇರುತ್ತವೆ. ಮಗುವು ಮನೆತನವನ್ನು ತೊರೆಯುತ್ತಿಲ್ಲ. ಮನೆತನದೊಳಗೆ ತನ್ನ ಜಾಗವನ್ನು ಸರಿಯಾದ ಹೆಸರಿನಿಂದ ಕೇಳುತ್ತಿದೆ. ಇನ್ನೊಂದು ಸಂಗತಿ. ತಿದ್ದಿದ ದಾಖಲೆಯು ಹಳೆಯ ದಾಖಲೆಯ ಕ್ರಮಸಂಖ್ಯೆಯನ್ನೇ ಹೊಂದಿರಬೇಕೆಂದು 2020ರ ನಿಯಮ ಹೇಳಿತು. ಊರಿನ ಹೆಸರು ಬದಲಾದರೂ ಸರ್ವೆ ನಂಬರು ಉಳಿದ ಹಾಗೆ.

ಆದರೂ ಕಚೇರಿಯ ಬಾಗಿಲುಗಳು ತಾವಾಗಿ ತೆರೆಯಲಿಲ್ಲ. ಮಂಗಳೂರಿನಲ್ಲಿ ಒಬ್ಬರ ಜನನ ಪತ್ರದ ತಿದ್ದುಪಡಿಯನ್ನು ನಿರಾಕರಿಸಿದಾಗ ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಹೋಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿಲ್ಲವೆಂಬುದು ಕಚೇರಿಯ ವಾದ. 2024ರ ಡಿಸೆಂಬರಿನಲ್ಲಿ ನ್ಯಾಯಾಲಯವು, 2019ರ ಕಾಯ್ದೆಯ ಪ್ರಮಾಣಪತ್ರವಿದ್ದವರಿಗೆ ಪರಿಷ್ಕೃತ ಜನನ ಪತ್ರ ಕೊಡಬೇಕೆಂದೂ, ನೋಂದಣಿಯ ಕಾನೂನು ತಿದ್ದುಪಡಿಯಾಗುವ ತನಕ ಅದರಲ್ಲಿ ಹಿಂದಿನ ಹೆಸರು, ಹೊಸ ಹೆಸರು ಎರಡನ್ನೂ ನಮೂದಿಸಬೇಕೆಂದೂ ಆದೇಶಿಸಿತು. ಇದು ಸಂಪೂರ್ಣ ಸಮಾಧಾನವಲ್ಲ. ಹಳೆಯ ಹೆಸರು ಬೆನ್ನು ಬಿಡಲಿಲ್ಲವೆಂಬ ನೋವು ಉಳಿಯಿತು. ಆದರೆ ‘ಆಗದು’ ಎಂಬ ಮಾತು ಹೋಯಿತು.

ಮನೆಯವರ ಚಿಂತೆಗಳು

ಮೊದಲನೆಯ ಚಿಂತೆ ಆಸ್ತಿಯದು. ಮಗನ ಹೆಸರಿನ ಪಾಲು ಮಗಳಾದರೆ ಏನಾಗುವುದು ಎಂದು ಕೇಳುವವರಿದ್ದಾರೆ. ಪಾಲನ್ನು ಕಳೆಯಲು ಇದನ್ನೇ ನೆಪ ಮಾಡುವವರೂ ಇರಬಹುದು. ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಒಳಗೊಂಡಿರುವ 1956ರ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ, ಪಿತ್ರಾರ್ಜಿತದಲ್ಲಿ ಮಗನಿಗೂ ಮಗಳಿಗೂ ಸಮನಾದ ಹಕ್ಕು ಬಂದಿದೆ. ಪಾಲು ಹುಟ್ಟಿನಿಂದ ಬರುವುದೇ ಹೊರತು ಹೆಸರಿನ ತುದಿಯ ಅಪ್ಪ, ಅವ್ವಗಳಿಂದ ಬರುವುದಲ್ಲ.

ಎರಡನೆಯದು ಮನೆಯದು. ‘ಈ ಹೆಸರಿನಲ್ಲಿ ಇರುವುದಾದರೆ ಹೊರಗೆ ನಡೆ’ ಎಂಬ ಮಾತು ಸಿಟ್ಟಿನಲ್ಲಿ ಬರುತ್ತದೆ. 2019ರ ಕಾಯ್ದೆಯ 12ನೆಯ ಕಲಮು ತಂದೆತಾಯಿಗಳ ಮನೆಯಲ್ಲಿ ವಾಸಿಸುವ ಹಕ್ಕನ್ನು ಇವರಿಗೆ ಕೊಟ್ಟಿತು. ಮನೆಯಿಂದ ಹೊರಹಾಕುವುದನ್ನು ಅದೇ ಕಾಯ್ದೆ ಅಪರಾಧವೆಂದು ಎಣಿಸಿತು. ಆದರೆ ಕಾನೂನಿನ ಅಂಜಿಕೆಯಿಂದ ಹಾಕಿದ ಅನ್ನಕ್ಕೂ ಕರುಳಿನಿಂದ ಹಾಕಿದ ಅನ್ನಕ್ಕೂ ಎಷ್ಟು ಅಂತರವೆಂಬುದನ್ನು ದಾಸೋಹದ ಮನೆಗಳಿಗೆ ವಿವರಿಸಬೇಕಿಲ್ಲ.

ಮೂರನೆಯದು ಕಾಗದಗಳ ಗೋಜಲಿನದು. ಇದಕ್ಕೆ ತಾಳ್ಮೆಯೇ ಮದ್ದು. ಮೊದಲು ಜಿಲ್ಲಾಧಿಕಾರಿಗಳ ಪ್ರಮಾಣಪತ್ರ, ಆಮೇಲೆ ಆಧಾರ್, ಅದರ ಆಧಾರದ ಮೇಲೆ ಪ್ಯಾನ್, ಬ್ಯಾಂಕು, ರೇಷನ್ ಕಾರ್ಡು, ಮತದಾರರ ಪಟ್ಟಿ ಎಂಬ ಕ್ರಮ ಹಿಡಿದರೆ ಅಲೆದಾಟ ಕಡಿಮೆ. ಶಾಲೆಯ ಅಂಕಪಟ್ಟಿಗೆ ಹೆಚ್ಚು ಕಾಲ ಹಿಡಿಯುವುದರಿಂದ ಆ ಅರ್ಜಿಯನ್ನು ಬೇಗನೆ ಕೊಟ್ಟಿಡಬೇಕು. ಹೊಸ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬಸವ್ವ ಎಂಬುದನ್ನು ಒಂದು ಕಚೇರಿ ‘ವಿ’ಯಿಂದಲೂ ಇನ್ನೊಂದು ‘ಡಬ್ಲ್ಯೂ’ದಿಂದಲೂ ಬರೆದರೆ ಮತ್ತೊಂದು ಪ್ರಮಾಣಪತ್ರದ ಕೆಲಸ ಬೆಳೆಯುತ್ತದೆ. ಹಳೆಯ ದಾಖಲೆಗಳ ನಕಲುಗಳನ್ನು ಜೋಪಾನವಾಗಿ ಇಡಬೇಕು. ರೋಣದಿಂದಲೋ ಗಜೇಂದ್ರಗಡದಿಂದಲೋ ಗದಗಿಗೆ ಒಬ್ಬರೇ ಅಲೆಯುವುದಕ್ಕಿಂತ ಅಣ್ಣನೋ ಸೋದರಮಾವನೋ ಜೊತೆಗೆ ಹೋದರೆ ಕಿಟಕಿಯ ಆಚೆ ಕುಳಿತವರ ಧ್ವನಿಯೂ ಬದಲಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ‘ತಂಗಿಯ ಲಗ್ನ ಉಳಿದಿದೆ, ಬೀಗರು ಏನೆಂದಾರು?’ ಎಂಬ ಪ್ರಶ್ನೆಗೆ ಯಾವ ಕಾಯ್ದೆಯ ಕಲಮಿನಲ್ಲಿಯೂ ಉತ್ತರವಿಲ್ಲ. ಈ ಚಿಂತೆಯನ್ನು ಹಗುರಾಗಿ ಕಾಣಲಾಗದು. ಹಳ್ಳಿಯಲ್ಲಿ ಬಾಳುವವರಿಗೆ ಅದು ನಿಜವಾದ ಭಾರ. ಆದರೆ ಮುಚ್ಚಿಟ್ಟು ಮಾಡಿದ ಸಂಬಂಧವು ಮುಂದೆ ಬಿಚ್ಚಿದಾಗ ಕೊಡುವ ನೋವು, ಮೊದಲೇ ನೇರವಾಗಿ ಹೇಳಿದಾಗ ಬರುವ ನಿರಾಕರಣೆಗಿಂತ ದೊಡ್ಡದು. ಒಂದು ಸಂಬಂಧಕ್ಕಾಗಿ ಒಂದು ಮಗುವನ್ನೇ ಇಲ್ಲವೆನ್ನುವ ಮನೆತನ, ಆ ಸಂಬಂಧವನ್ನಾದರೂ ಎಷ್ಟು ದಿನ ನಿಶ್ಚಿಂತೆಯಿಂದ ಉಳಿಸಿಕೊಂಡೀತು?

ಸಮಾಜದ ಪಾಲು

ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಸಾರಿದ ಶರಣರ ಪರಂಪರೆ ನಮ್ಮದು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಲು ಹೆಣ್ಣಿಗೂ ಗಂಡಿಗೂ ಒಂದೇ ಅಧಿಕಾರವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪಿದವರ ಮಕ್ಕಳು ನಾವು. ಹೊಸ ಹೆಸರಿನಿಂದ ಮಠದ ಬಾಗಿಲಿಗೆ ಬಂದವರನ್ನು ಹಳೆಯ ಹೆಸರು ಕೇಳಿ ನಿಲ್ಲಿಸುವುದು ಆ ಪರಂಪರೆಗೆ ಒಪ್ಪುವುದಿಲ್ಲ. ಪೂಜ್ಯರು ಒಂದು ಸಲ ಹೊಸ ಹೆಸರಿನಿಂದ ಕರೆದು ಮಾತನಾಡಿಸಿದರೆ ಊರಿನ ನೂರು ಬಾಯಿಗಳು ತಾವೇ ತಿದ್ದಿಕೊಳ್ಳುತ್ತವೆ.

ಜಿಲ್ಲಾಧಿಕಾರಿಗಳು ಕೊಡುವುದು ಕಾಗದದ ಮೇಲಿನ ಹೆಸರು. ಅದನ್ನು ಮನೆಯಲ್ಲಿ, ಓಣಿಯಲ್ಲಿ ಬಾಯಿಂದ ಕರೆಯಬೇಕಾದವರು ನಾವು. ಮುಂದಿನ ಲಗ್ನಸರಾಯಿಯಲ್ಲಿ ನಿಮ್ಮ ಮನೆಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವಾಗ, ಸುಖಾಗಮನ ಬಯಸುವವರ ಪಟ್ಟಿಯನ್ನು ಒಮ್ಮೆ ಓದಿ ನೋಡಿರಿ. ಬಿಟ್ಟುಹೋದ ಮಗುವಿದ್ದರೆ, ಅದು ತಾನು ಬಯಸಿದ ಹೆಸರಿನಿಂದಲೇ ಅಣ್ಣ ತಮ್ಮ ಅಕ್ಕ ತಂಗಿಯರ ಸಾಲಿನಲ್ಲಿ ಸೇರಲಿ. ಅದಕ್ಕೆ ಯಾವ ಕಚೇರಿಯ ಮುದ್ರೆಯೂ ಬೇಕಾಗಿಲ್ಲ.