ಬಾಲ್ಕನಿಯಲ್ಲಿ ಬಿಸಿಲೆಷ್ಟು, ಬಸಳೆ ಎಷ್ಟು?



ಮುಂಬೈಯಲ್ಲಿ ಮೆಂತ್ಯ, ಪಾಲಕ್, ಕೊತ್ತಂಬರಿಗೆ ಬರವಿಲ್ಲ, ಗಾಡಿಯವನು ಮನೆ ಬಾಗಿಲಿಗೇ ತರುತ್ತಾನೆ. ಆದರೆ ಬಸಳೆ ಬೇಕೆಂದರೆ? ಮಾಟುಂಗಾದ ಮಾರುಕಟ್ಟೆಗೆ ಹೋಗಬೇಕು, ಇಲ್ಲವೇ ಮರಾಠಿಯಲ್ಲಿ ಅದಕ್ಕೆ ‘ಮಾಯಾಳು’ ಅನ್ನುತ್ತಾರೆಂದು ಗೊತ್ತಿರಬೇಕು. ತಂಬುಳಿಗೆ ನಾಲ್ಕು ದೊಡ್ಡಪತ್ರೆ ಎಲೆ ಬೇಕಾದರಂತೂ ಅಂಗಡಿಯಲ್ಲಿ ಸಿಗುವುದು ಅಪರೂಪ. ನಾವೇ ಬೆಳೆಯೋಣ ಎಂದು ಉತ್ಸಾಹದಿಂದ ಕುಂಡ ತರುತ್ತೇವೆ. ನರ್ಸರಿಯವನು ಕೊಟ್ಟ ಟೊಮೇಟೊ ಸಸಿ ನೆಡುತ್ತೇವೆ. ಎರಡು ತಿಂಗಳಾದರೂ ಗಿಡ ಉದ್ದಕ್ಕೆ ಸಪೂರವಾಗಿ ಬೆಳೆಯುತ್ತದೆಯೇ ಹೊರತು ಒಂದು ಕಾಯಿ ಬಿಡುವುದಿಲ್ಲ. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಕುಂಡ ಮೂಲೆ ಸೇರುತ್ತದೆ. ಕೈಗುಣವನ್ನು ದೂರಬೇಡಿ. ಹೆಚ್ಚಿನ ಮನೆಗಳಲ್ಲಿ ಕೊರತೆ ಇರುವುದು ಬಿಸಿಲಿನದು.

ಆದ್ದರಿಂದ ಕುಂಡ ಕೊಳ್ಳುವ ಮೊದಲು ಒಂದು ರಜಾದಿನ ಬಾಲ್ಕನಿಯನ್ನು ಗಮನಿಸಿ. ಬೆಳಗಿನಿಂದ ಸಂಜೆವರೆಗೆ ಗಂಟೆಗೊಮ್ಮೆ ಬಿಸಿಲು ಬಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎದುರಿನ ಕಟ್ಟಡದ ನೆರಳು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೂ ತಿಳಿಯುತ್ತದೆ. ನೇರ ಬಿಸಿಲು 6 ಗಂಟೆ ಇದ್ದರೆ ಟೊಮೇಟೊ, ಮೆಣಸಿನಕಾಯಿ, ಬೆಂಡೆ, ಬದನೆಗೆ ಕೈ ಹಾಕಬಹುದು. 3-4 ಗಂಟೆ ಇದ್ದರೆ ಸೊಪ್ಪುಗಳಿಗೆ ಸಾಕು. ಅದಕ್ಕಿಂತ ಕಡಿಮೆಯಿದ್ದರೆ ದೊಡ್ಡಪತ್ರೆ, ಪುದೀನದಂಥವನ್ನು ಇಡಿ. ಬೆಳವಣಿಗೆ ನಿಧಾನವಾದರೂ ಅವು ನಿಮ್ಮನ್ನು ನಿರಾಸೆಗೊಳಿಸುವುದಿಲ್ಲ.

ಇಲ್ಲೊಂದು ತಮಾಷೆಯಿದೆ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ವರ್ಷವಿಡೀ ಬಿಸಿಲು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮುಂಬೈಯಲ್ಲಿ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಪುಣೆಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಚೆನ್ನೈಯಲ್ಲಿ ಈ ಅವಧಿ ಇನ್ನೂ ಉದ್ದ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಆಗ ದಕ್ಷಿಣದ ಬಾಲ್ಕನಿಗೆ, ಮೇಲೆ ಇನ್ನೊಂದು ಮಹಡಿಯ ಸೂರು ಇದ್ದರೆ, ನೇರ ಬಿಸಿಲು ಬೀಳುವುದೇ ಇಲ್ಲ. ಅದೇ ಬಾಲ್ಕನಿಗೆ ಡಿಸೆಂಬರಿನಲ್ಲಿ ಬಿಸಿಲು ಒಳಗಿನ ಗೋಡೆಯವರೆಗೂ ಬರುತ್ತದೆ. ದೆಹಲಿಯಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಹಾಗಾಗಿ ಅಲ್ಲಿನ ದಕ್ಷಿಣದ ಬಾಲ್ಕನಿ ಚಳಿಗಾಲದ ಮೆಂತ್ಯ, ಮೂಲಂಗಿ, ಬಟಾಣಿಗೆ ಹೇಳಿ ಮಾಡಿಸಿದ ಜಾಗ. ಸೀಮೆಸುಣ್ಣದ ಗುರುತನ್ನು ವರ್ಷಕ್ಕೆ ಎರಡು ಸಲವಾದರೂ ಹಾಕಿ ನೋಡಬೇಕು ಅನ್ನುವುದು ಇದಕ್ಕೇ.

ಇನ್ನು ಮಣ್ಣು. ಬರೀ ಕೆಂಪು ಮಣ್ಣು ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಭಾರವೂ ಹೆಚ್ಚು. 20 ಲೀಟರಿನ ಒಂದು ಕುಂಡ ಒದ್ದೆ ಮಣ್ಣು ಸೇರಿದರೆ 30 ಕಿಲೋ ದಾಟುತ್ತದೆ. ಹಳೆಯ ಕಟ್ಟಡದ ಬಾಲ್ಕನಿಗೆ ಇಂಥ ಹತ್ತು ಕುಂಡ ಇಡುವ ಮುನ್ನ ಸೊಸೈಟಿಯವರನ್ನು ಕೇಳುವುದು ಒಳ್ಳೆಯದು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ನೆನೆಸಿದ ತೆಂಗಿನ ನಾರಿನ ಪುಡಿ (ನರ್ಸರಿಯಲ್ಲಿ ಕೋಕೋಪೀಟ್ ಎಂದು ಕೇಳಿ), ಈ ಮೂರನ್ನೂ ಸಮಪಾಲು ಬೆರೆಸಿದರೆ ಕುಂಡ ಹಗುರಾಗುತ್ತದೆ, ಬೇರಿಗೂ ಉಸಿರಾಡಲು ಜಾಗ ಸಿಗುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಕಿಟಕಿಯ ಗ್ರಿಲ್ ಮೇಲೆ ಇಡುವವರು ಕುಂಡವನ್ನು ತಂತಿಯಿಂದ ಬಿಗಿದು ಕಟ್ಟಿ, ಕೆಳಗೆ ಜನ ಓಡಾಡುತ್ತಾರೆ.

ಕುಂಡದ ಕೆಳಗಿನ ತಟ್ಟೆಯ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ತಟ್ಟೆ ಇಲ್ಲದಿದ್ದರೆ ನೀರು ಕೆಳಗಿನ ಮನೆಯವರು ಒಣಗಿಸಿದ ಬಟ್ಟೆಯ ಮೇಲೆ ಬೀಳುತ್ತದೆ, ಜಗಳ ಖಂಡಿತ. ತಟ್ಟೆ ಇಟ್ಟು ಮರೆತರೆ ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದುಬಿಡಿ, ಉಳಿದ ಕಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡಿರುತ್ತದೆ, ಬರೀ ಚೆಲ್ಲಿದರೆ ಹೋಗುವುದಿಲ್ಲ.

ಮೊದಲ ಬೆಳೆ ಯಾವುದು? ನನ್ನನ್ನು ಕೇಳಿದರೆ ಹರಿವೆ. ಬೀಜ ಸಾಸಿವೆಗಿಂತ ಸಣ್ಣದು, ಒಣ ಮರಳಿನಲ್ಲಿ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಬುಡ ಸಹಿತ ಕೀಳದೆ, ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೀಗೆ ಹಲವು ಸಲ ಕೊಯ್ಯಲೆಂದೇ ನಮ್ಮ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಸುಗುಣ’ ಎಂಬ ಹರಿವೆ ತಳಿ ಕೊಟ್ಟಿದ್ದಾರೆ. ಊರಿಗೆ ಹೋದಾಗ ಒಂದು ಪೊಟ್ಟಣ ತಂದಿಟ್ಟುಕೊಳ್ಳಿ.

ಮೆಂತ್ಯಕ್ಕೆ ಬೀಜ ಹುಡುಕಬೇಕಾಗಿಲ್ಲ, ಅಡುಗೆಮನೆಯ ಡಬ್ಬಿಯದೇ ಸಾಕು. ಆದರೆ ಒಂದೇ ದಿನ ಎಲ್ಲ ಕುಂಡಕ್ಕೂ ಬಿತ್ತಬೇಡಿ. ಹತ್ತು ದಿನಕ್ಕೊಂದು ಕುಂಡದಂತೆ ಬಿತ್ತಿದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕೈಗೆ ಬರುತ್ತದೆ. ಜೋರು ಮಳೆಗೆ ಮೆಂತ್ಯ ಕೊಳೆಯುತ್ತದೆ, ಮುಂಬೈಯವರು ಅಕ್ಟೋಬರಿನವರೆಗೆ ಕಾಯುವುದು ವಾಸಿ.

ಬಸಳೆಗೆ ಈ ತಕರಾರಿಲ್ಲ. ಅದಕ್ಕೆ ಸೆಖೆಯೂ ಬೇಕು, ಮಳೆಯೂ ಬೇಕು, ಅಂದರೆ ಮುಂಬೈಯೇ ಬೇಕು! ಪೇಟೆಯಿಂದ ತಂದ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ, ನಾಲ್ಕು ಗಿಣ್ಣಿನಷ್ಟು ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಕುಂಡ ದೊಡ್ಡದಿರಲಿ, ಗ್ರಿಲ್‌ಗೆ ಹುರಿ ಕಟ್ಟಿ ಬಳ್ಳಿ ಹಬ್ಬಿಸಿ. ಹೈದರಾಬಾದಿನವರು ‘ಬಚ್ಚಲಿ ಕೂರ’, ದೆಹಲಿಯವರು ‘ಪೋಯಿ’ ಎಂದು ಕೇಳಿದರೆ ದಂಟು ಸಿಕ್ಕೀತು. ದೊಡ್ಡಪತ್ರೆಯೂ ಹೀಗೇ ಕಡ್ಡಿ ನೆಟ್ಟರೆ ಬರುತ್ತದೆ, ನೀರು ಮಾತ್ರ ಕಡಿಮೆ ಹಾಕಿ. ಚೆನ್ನೈಯ ನರ್ಸರಿಯಲ್ಲಿ ಅದು ‘ಕರ್ಪೂರವಳ್ಳಿ’.

ಬಿಸಿಲು ಸಾಕಷ್ಟಿರುವ ಮನೆಯವರು ಸೊಪ್ಪು ಕೈಗೆ ಬಂದ ಮೇಲೆ ಕಾಯಿಗಳಿಗೆ ಹೋಗಿ. ಹನ್ನೆರಡನೇ ಮಹಡಿಗೆ ಜೇನ್ನೊಣ ಬರುವುದು ಕಷ್ಟ. ಟೊಮೇಟೊ ಹೂ ಬಿಟ್ಟಾಗ ಬೆಳಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಸೌತೆ, ಹಾಗಲದಲ್ಲಿ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನೀವೇ ಮುಟ್ಟಿಸಬೇಕು. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುವುದರಿಂದ ಗುರುತು ಸುಲಭ. ಮಕ್ಕಳಿಗೆ ಈ ಕೆಲಸ ಕೊಡಿ, ಹೋಂವರ್ಕಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಎಲೆಯಡಿ ಸಸ್ಯಹೇನು ಕಂಡರೆ ಮೊದಲು ನೀರನ್ನು ಜೋರಾಗಿ ಹೊಡೆದು ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂಥ ಹುಳು ಕಂಡರೆ ಅದು ನಿಂಬೆ ಚಿಟ್ಟೆಯ ಮರಿ. ನಾಲ್ಕು ಎಲೆ ತಿನ್ನಲಿ ಬಿಡಿ ಅನ್ನುವವಳು ನಾನು. ಆದರೆ ಗಿಡ ಮೊಣಕಾಲುದ್ದವೂ ಇಲ್ಲದಿದ್ದರೆ ಕೈಯಿಂದ ತೆಗೆಯಲೇಬೇಕು, ಎರಡು ದಿನದಲ್ಲಿ ಬೋಳು ಮಾಡುತ್ತದೆ.

ಒಂದು ಬೆಳೆ ಮುಗಿದ ಮಣ್ಣನ್ನು ಎಸೆಯಬೇಡಿ. ಬೇರು ತೆಗೆದು, ಹಳೆಯ ಚಾದರದ ಮೇಲೆ ಹರವಿ ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ, ಮೂರರಲ್ಲೊಂದು ಪಾಲು ಹೊಸ ಗೊಬ್ಬರ ಸೇರಿಸಿದರೆ ಮುಂದಿನ ಬೆಳೆಗೆ ತಯಾರು. ಟೊಮೇಟೊ ಬೆಳೆದ ಕುಂಡಕ್ಕೆ ಮತ್ತೆ ಟೊಮೇಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ, ಮೂರೂ ಒಂದೇ ಕುಲದವು, ರೋಗವೂ ಹಂಚಿಕೊಳ್ಳುತ್ತವೆ. ಆ ಕುಂಡಕ್ಕೆ ಈ ಸಲ ಮೆಂತ್ಯ ಹಾಕಿ.