ಹತ್ತು ಕಂಪ್ಯೂಟರು, ಒಂದು ಪೆನ್‌ಡ್ರೈವ್



ನಮ್ಮ ಶಾಲೆಯ ಆಫೀಸಿನ ಪಕ್ಕದ ಕೋಣೆಯಲ್ಲಿ ಹಳೇ ಬೆಡ್‌ಶೀಟು ಹೊದಿಸಿಟ್ಟಿದ್ದ ಹತ್ತು ಕಂಪ್ಯೂಟರುಗಳನ್ನು ನೀವೆಲ್ಲರೂ ಕಿಟಕಿಯಿಂದ ಇಣುಕಿ ನೋಡಿದ್ದೀರಿ. 2025ರ ಜುಲೈ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಒಂದು ಕಂಪನಿಯವರು ಅವನ್ನು ಟೆಂಪೋದಲ್ಲಿ ಕಳಿಸಿಕೊಟ್ಟರು. ನಾವೇ ಇಳಿಸಿದ್ದು. ನನ್ನ ಕೈಗೆ ಸಿಕ್ಕಿದ್ದು ಬರೀ ವೈರುಗಳ ಡಬ್ಬ. ಅವತ್ತು ಎಲ್ಲರಿಗೂ ಚಾಕೊಲೇಟ್ ಹಂಚಿದರು, ಫೋಟೋ ತೆಗೆದರು. ಆಮೇಲೆ ದೀಪಾವಳಿವರೆಗೂ ಅವು ಬೆಡ್‌ಶೀಟಿನ ಕೆಳಗೇ ಇದ್ದವು.

ಏಳನೇ ತರಗತಿಯವರಾದ ನಮಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಯಾಕೆಂದರೆ ನಮ್ಮ ಶಾಲೆ ಇರೋದೇ ಏಳರವರೆಗೆ. ವರ್ಷ ಮುಗಿದರೆ ಟಿ.ಸಿ. ತಗೊಂಡು ಹೈಸ್ಕೂಲಿಗೆ ಹೋಗಬೇಕು. ಹೋದ ವರ್ಷದ ಅಕ್ಕಂದಿರು, ಅಣ್ಣಂದಿರು ಬೋರ್ಡಿನ ಮೇಲೆ ಬರೆದ ಮೌಸ್ ಚಿತ್ರ ನೋಡಿಕೊಂಡೇ ಕಂಪ್ಯೂಟರ್ ಪಾಠ ಮುಗಿಸಿ ಹೋದರು. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್‌ನವರು ಶುರು ಮಾಡಿದ್ದು 1978ರಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ. ನಮ್ಮೂರಿಂದ ಅಲ್ಲಿಗೆ ಎರಡು ಬಸ್ಸು, ಅಷ್ಟೇ. ಇಷ್ಟು ಹತ್ತಿರ ಇದ್ದೂ ನಮಗೆ ಮೌಸ್ ಅಂದರೆ ಚಿತ್ರ.

ಆ ಕಂಪ್ಯೂಟರುಗಳು ಯಾಕೆ ಆನ್ ಆಗಲಿಲ್ಲ, ಆಮೇಲೆ ಹೇಗೆ ಆದವು ಅಂತ ಬರೆದುಕೊಡು ಅಂತ ಮೇಷ್ಟ್ರು ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯವರು ಹಳೇ ಕಂಪ್ಯೂಟರು ಕೊಡುವ ಮೊದಲು ಅದರ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ಕೊಡುತ್ತಾರೆ. ಅದರಲ್ಲಿ ಅವರ ಲೆಕ್ಕಪತ್ರ, ಗುಟ್ಟು ಎಲ್ಲ ಇರುತ್ತೆ, ಹಾಗಾಗಿ ಅದು ತಪ್ಪಲ್ಲ. ಆದರೆ ಅದರ ಜೊತೆ ಓಎಸ್ ಕೂಡ ಹೋಗುತ್ತೆ. ಓಎಸ್ ಅಂದರೆ ಪುಸ್ತಕದ ಕನ್ನಡದಲ್ಲಿ ಕಾರ್ಯಾಚರಣೆ ವ್ಯವಸ್ಥೆ. ಕೀಬೋರ್ಡು, ಪರದೆ, ಡಿಸ್ಕು, ನಾವು ತೆರೆಯುವ ಚಿತ್ರ, ಪಾಠ, ಇವೆಲ್ಲಕ್ಕೂ ಮೇಸ್ತ್ರಿ ಇದ್ದಹಾಗೆ. ವಿಂಡೋಸ್ ಒಂದು ಓಎಸ್, ಲಿನಕ್ಸ್ ಇನ್ನೊಂದು. ಮೇಸ್ತ್ರಿ ಇಲ್ಲದಿದ್ದರೆ ಸ್ವಿಚ್ ಹಾಕಿದಾಗ ಕಪ್ಪು ಪರದೆ, ಅದರಲ್ಲಿ ಎರಡು ಸಾಲು ಬಿಳಿ ಇಂಗ್ಲಿಷು.

ಇನ್ನೊಂದು ಪದ ಡ್ರೈವರ್. ಬಸ್ ಓಡಿಸುವವರಲ್ಲ! ನಮ್ಮಪ್ಪ ಬೊಮ್ಮಸಂದ್ರದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಾರೆ. ಅಲ್ಲಿ ಸೂಪರ್‌ವೈಸರಿಗೆ ಕನ್ನಡ, ತಮಿಳು ಬರುತ್ತೆ. ಕೆಲಸದವರಲ್ಲಿ ಒಡಿಶಾದವರಿದ್ದಾರೆ, ಬಿಹಾರದವರಿದ್ದಾರೆ. ಮಧ್ಯೆ ಎರಡೂ ಭಾಷೆ ಬಲ್ಲವನೊಬ್ಬ ನಿಂತು ಹೇಳದಿದ್ದರೆ ಮೆಷಿನ್ ನಿಂತುಹೋಗುತ್ತಂತೆ. ಕಂಪ್ಯೂಟರಿನಲ್ಲಿ ಆ ಮಧ್ಯದವನೇ ಡ್ರೈವರ್. ಪ್ರಿಂಟರಿಗೆ ಒಬ್ಬ, ಸೌಂಡಿಗೆ ಒಬ್ಬ, ವೈಫೈಗೆ ಒಬ್ಬ. ಒಂದು ಚಿಪ್ಪಿನ ಡ್ರೈವರ್ ಇನ್ನೊಂದಕ್ಕೆ ಸಾಮಾನ್ಯವಾಗಿ ಆಗಲ್ಲ.

ಮೂರನೆಯದು ಅಪ್‌ಡೇಟ್. ಓಎಸ್ ಮಾಡಿದ ಮೇಲೆ ಅದರಲ್ಲಿ ತೂತುಗಳು ಕಾಣಿಸುತ್ತವೆ. ವೈರಸ್ಸು, ಕಳ್ಳರು ಅದರಿಂದಲೇ ನುಗ್ಗೋದು. ಮಾಡಿದವರು ತೇಪೆ ಹೊಲಿದು ಕಳಿಸುತ್ತಲೇ ಇರುತ್ತಾರೆ. ಅದನ್ನು ಇಂಟರ್ನೆಟ್ಟಿನಿಂದ ತಗೋಬೇಕು.

ಆಗಸ್ಟ್‌ನಲ್ಲಿ ಗಣಿತದ ಮೇಷ್ಟ್ರು ಒಂದು ಕಂಪ್ಯೂಟರಿಗೆ ಓಎಸ್ ಹಾಕಲು ಕೂತರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶುರು. ಹಾಕೋದೇನೋ ಒಂದು ಗಂಟೆಯಲ್ಲಿ ಆಯಿತು. ಆಮೇಲೆ ಅಪ್‌ಡೇಟ್. ಅವರ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಪ್ಯಾಕು. ಬಿಸಿಯೂಟದ ಬೆಲ್ ಹೊಡೆಯುವ ಹೊತ್ತಿಗೆ ಪ್ಯಾಕ್ ಖಾಲಿ, ಅಪ್‌ಡೇಟ್ ಅರ್ಧ. ಅದೂ ಮೊಬೈಲನ್ನು ವೈರಿನಿಂದ ಕಟ್ಟಿದ್ದಕ್ಕೆ ಅಷ್ಟಾದರೂ ಆಯಿತು. ವೈಫೈಗೆ ಅಂತ ತಂದಿದ್ದ ಬೆರಳುಗಾತ್ರದ ಡಾಂಗಲ್ ಚುಚ್ಚಿದರೆ ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಡ್ರೈವರ್ ಬೇಕು ಅಂದಿತು. ಡ್ರೈವರ್ ಎಲ್ಲಿದೆ? ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದ್ದು ಎಲ್ಲಿಂದ? ಅದೇ ಡಾಂಗಲಿನಿಂದ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ ನಮ್ಮಜ್ಜಿ ಹೇಳೋದು ಇದಕ್ಕೇ ಸರಿ. ಒಂದಕ್ಕೇ ಇಷ್ಟಾದರೆ ಹತ್ತಕ್ಕೆ? ಮೇಷ್ಟ್ರು ಮತ್ತೆ ಬೆಡ್‌ಶೀಟು ಹೊದಿಸಿದರು.

ದೀಪಾವಳಿಗೆ ನಮ್ಮ ದೊಡ್ಡಪ್ಪನ ಮಗ ಅಣ್ಣ ಊರಿಗೆ ಬಂದ. ಡಿಪ್ಲೊಮಾ ಮಾಡಿ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ, ಸೆಟ್ಟಿಂಗು ನೋಡಿಕೊಳ್ಳುತ್ತಾನೆ. ನಾನು ಎಲ್ಲ ಹೇಳಿದ್ದಕ್ಕೆ ಅವನು ಕೇಳಿದ: "ಅಜ್ಜಿ ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಧನಿಯ, ಮೆಣಸಿನಕಾಯಿ, ಮೆಂತ್ಯ ತಂದು ಹುರಿದು ಸಾರು ಮಾಡ್ತಾಳೇನೋ?" ಇಲ್ಲ, ವರ್ಷಕ್ಕೊಂದು ಸಲ ಸಾರಿನ ಪುಡಿ ಮಾಡಿಸಿ ಇಡುತ್ತಾಳೆ. "ಹಾಗೇನೇ. ಓಎಸ್ಸು, ಅಪ್‌ಡೇಟು, ಡ್ರೈವರು ಎಲ್ಲ ಮೊದಲೇ ಸೇರಿಸಿ ಒಂದು ಇನ್‌ಸ್ಟಾಲರ್ ಮಾಡಬೇಕು. ನೆಟ್ಟಿನ ಕೆಲಸ ಒಂದೇ ಸಲ. ಆಮೇಲೆ ಹತ್ತಾಗಲಿ ನೂರಾಗಲಿ, ಪೆನ್‌ಡ್ರೈವ್ ಚುಚ್ಚೋದು ಅಷ್ಟೇ."

ವಿಂಡೋಸ್‌ಗೂ ಹೀಗೆ ಮಾಡಬಹುದಂತೆ. ವಿಂಡೋಸಿನ ಇನ್‌ಸ್ಟಾಲರಿನಲ್ಲಿ ಸಾಮಾನ್ಯವಾಗಿ ಇನ್‌ಸ್ಟಾಲ್ ಡಾಟ್ ವಿಮ್ ಅನ್ನುವ ದೊಡ್ಡ ಫೈಲು ಇರುತ್ತೆ. ಇಡೀ ಓಎಸ್ ಅದರೊಳಗೆ ಮುದುರಿ ಕೂತಿರುತ್ತೆ. ಡಿಸ್ಮ್ ಅನ್ನುವ ಸಾಧನದಿಂದ ಅದನ್ನು ಬಿಚ್ಚಿ, ಅಪ್‌ಡೇಟು, ಡ್ರೈವರು ತುಂಬಿ, ಮತ್ತೆ ಮುಚ್ಚಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಬಹಳ ನಡೆಯುತ್ತಿತ್ತಂತೆ. ಆಗ ಹೊಸ ನಮೂನೆಯ ಸಾಟಾ ಡಿಸ್ಕುಗಳು ಬಂದಿದ್ದವು. ಎಷ್ಟೋ ಕಂಪ್ಯೂಟರುಗಳಲ್ಲಿ ಎಕ್ಸ್‌ಪಿ ಸಿ.ಡಿ. ಹಾಕಿದರೆ ಡಿಸ್ಕೇ ಇಲ್ಲ ಅನ್ನುತ್ತಿತ್ತಂತೆ. ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು, ಇಲ್ಲವೇ ಸಿ.ಡಿ.ಯೊಳಗೇ ಮೊದಲೇ ಸೇರಿಸಿಕೊಳ್ಳಬೇಕಿತ್ತು.

ಆದರೆ ನಮ್ಮವಕ್ಕೆ ವಿಂಡೋಸ್ ಬೇಡ ಅಂದ ಅಣ್ಣ. ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿತ್ತು. ಒಂದಿಷ್ಟು ಕಾಲ ಮುಂದಕ್ಕೆ ಹಾಕಿಸಿಕೊಳ್ಳುವ ದಾರಿ ಇದೆ, ಆದರೆ ಅದೂ ಮುಗಿಯುತ್ತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನದಾದರೂ ಇರಬೇಕು. ನಮ್ಮವು ನಾಲ್ಕನೇ ತಲೆಮಾರು, 4 ಜಿಬಿ ರ್‍ಯಾಮ್. ಜೊತೆಗೆ ಒಂದೊಂದು ಕಂಪ್ಯೂಟರಿಗೂ ಲೈಸೆನ್ಸ್ ಬೇಕು. ಯಾರೋ ಮಾಡಿ ಹಂಚುವ ಕಳ್ಳ ಕಾಪಿಗಳೂ ಸಿಗುತ್ತವಂತೆ, ಎಲ್ಲ ಸೇರಿಸಿಯೇ ಇರುತ್ತಂತೆ. "ಎಲ್ಲ ಅಂದರೆ ವೈರಸ್ಸೂ ಸೇರಿ ಇರಬಹುದು, ನೋಡಿದವರ್‍ಯಾರು?" ಅಂದ.

ಲಿನಕ್ಸ್ ಹಾಗಲ್ಲ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅನ್ನುವ ವಿದ್ಯಾರ್ಥಿ ಇದನ್ನು ಶುರು ಮಾಡಿದ್ದು. ಅದನ್ನು ಬಿಚ್ಚಿ, ಬದಲಿಸಿ, ಹಂಚಲು ಕಾನೂನೇ ಒಪ್ಪಿಗೆ ಕೊಡುತ್ತೆ. ಪಕ್ಕದ ಕೇರಳದಲ್ಲಿ ಸರ್ಕಾರವೇ ಈ ಕೆಲಸ ಮಾಡಿದೆ. ಅಲ್ಲಿ ಕೈಟ್ ಅನ್ನುವ ಸಂಸ್ಥೆ ಇದೆ, ಮೊದಲು ಅದರ ಹೆಸರು ಐಟಿ ಅಟ್ ಸ್ಕೂಲ್. ಅವರು ಉಬುಂಟು ಅನ್ನುವ ಲಿನಕ್ಸನ್ನು ತಗೊಂಡು, ಶಾಲೆಗೆ ಬೇಕಾದ್ದನ್ನೆಲ್ಲ ತುಂಬಿ ತಮ್ಮದೇ ಇನ್‌ಸ್ಟಾಲರ್ ಮಾಡುತ್ತಾರೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಅಂತ ಒಂದು ಹೊಸದನ್ನು ಹೊರಡಿಸಿದರು. ಕಾಸರಗೋಡು, ಮಂಜೇಶ್ವರದ ಕಡೆ ನಮ್ಮ ಹಾಗೇ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಅಲ್ಲಿನ ಸರ್ಕಾರಿ ಶಾಲೆಗಳಿಗೂ ಅದೇ. ಅವರಿಗೆ ಸರ್ಕಾರ ಮಾಡಿಕೊಟ್ಟಿತು, ನಮಗೆ ಅಣ್ಣ ಮಾಡಿಕೊಟ್ಟ!

ಹಬ್ಬ ಮುಗಿದ ಭಾನುವಾರ ನಾನು ಅವನ ಜೊತೆ ಹೆಬ್ಬಗೋಡಿ ರೂಮಿಗೆ ಹೋದೆ, ಅಲ್ಲಿ ಒಳ್ಳೆ ನೆಟ್ ಇದೆ. ನಾವು ತಗೊಂಡಿದ್ದು ಲಿನಕ್ಸ್ ಮಿಂಟ್ 22, ಹಳೇ ಕಂಪ್ಯೂಟರಿಗೆ ಹಗುರವಾಗುವ ಎಕ್ಸ್‌ಎಫ್‌ಸಿಇ ನಮೂನೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ. ಇಳಿಸಿಕೊಂಡ ಫೈಲು ಸುಮಾರು 3 ಜಿಬಿ. ಮೊದಲು ಅದರ ಹೆಬ್ಬೆಟ್ಟು ಪರೀಕ್ಷೆ ಮಾಡಬೇಕು. ಷಾ256 ಅನ್ನುವ ಲೆಕ್ಕ ಹಾಕಿದರೆ ಆ ಫೈಲಿಗೆ 64 ಅಕ್ಷರ, ಅಂಕಿಗಳ ಒಂದು ಉದ್ದ ಸಾಲು ಬರುತ್ತೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತೆ. ಮಿಂಟಿನವರು ಕೊಟ್ಟ ಸಾಲನ್ನು ಅಣ್ಣ ಓದಿದ, ನಾನು ಪರದೆ ನೋಡಿ ಒಂದೊಂದೇ ಅಕ್ಷರ ಟಿಕ್ ಹಾಕಿದೆ. ಎರಡು ಕಡೆ ನಾನೇ ತಪ್ಪಿ, ಮತ್ತೆ ಮೊದಲಿಂದ ಓದಿಸಿದೆ. ಕೊನೆಗೆ ಸರಿಹೋಯಿತು.

ಆಮೇಲೆ ಕ್ಯೂಬಿಕ್ ಅನ್ನುವ ಸಾಧನ ತೆರೆದ. ಇದು ಇನ್‌ಸ್ಟಾಲರಿನೊಳಗೆ ಮುದುರಿಟ್ಟ ಓಎಸ್ಸನ್ನು ಬಿಡಿಸಿ ಹರಡುತ್ತೆ. ಆಶ್ಚರ್ಯ ಏನಂದರೆ, ಅದು ಇನ್ನೂ ಯಾವ ಕಂಪ್ಯೂಟರಿಗೂ ಹೋಗಿಲ್ಲ, ಆದರೂ ಅದರೊಳಗೆ ಕೂತು ಕೆಲಸ ಮಾಡಬಹುದು. ಕಪ್ಪು ಕಿಟಕಿಯಲ್ಲಿ ಆಪ್ಟ್ ಅಪ್‌ಡೇಟ್ ಅಂತ ಬರೆದ, ಆಮೇಲೆ ಆಪ್ಟ್ ಅಪ್‌ಗ್ರೇಡ್. ಎರಡೂ ಒಂದೇ ಅಲ್ಲವಾ ಅಂದೆ. ಮೊದಲನೆಯದು ಸಾಮಾನಿನ ಚೀಟಿ ಬರೆಯೋದು, ಎರಡನೆಯದು ಅಂಗಡಿಯಿಂದ ತರೋದು ಅಂದ. ಆಮೇಲೆ ನಮಗೆ ಬೇಕಾದ್ದು ಸೇರಿಸಿದೆವು. ಚಿತ್ರ ಬರೆಯಲು ಟಕ್ಸ್ ಪೇಂಟ್, ಆಕಾಶ ನೋಡಲು ಸ್ಟೆಲೇರಿಯಂ, ಕನ್ನಡ ಟೈಪ್ ಮಾಡುವ ಕೀಲಿಮಣೆ. ಕನ್ನಡ ಅಕ್ಷರದ ಫಾಂಟುಗಳಲ್ಲಿ ಎರಡರ ಹೆಸರು ಗುಬ್ಬಿ ಮತ್ತು ನವಿಲು! ಎರಡೂ ಹಾಕಿಸಿದೆ.

ಇನ್ನು ಡ್ರೈವರ್. ಪ್ರತಿ ಚಿಪ್ಪಿಗೂ ಒಂದು ನಂಬರು ಇರುತ್ತೆ. ಮೊದಲ ಅರ್ಧ ಯಾರು ಮಾಡಿದ್ದು, ಎರಡನೇ ಅರ್ಧ ಯಾವ ಮಾಡೆಲ್ಲು. ಗಾಡಿಗೆ ಕೆಎ 51 ಅಂತಿದ್ದರೆ ಎಲೆಕ್ಟ್ರಾನಿಕ್ ಸಿಟಿ ಆರ್‌ಟಿಓದ್ದು ಅಂತೀವಲ್ಲ, ಹಾಗೆ. ಇಂಟೆಲ್‌ನವರ ನಂಬರು 8086. ಅದು 1978ರಲ್ಲಿ ಅವರೇ ಮಾಡಿದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಹೌದು. ನಮ್ಮ ಡಾಂಗಲಿನ ನಂಬರನ್ನು ಮೇಷ್ಟ್ರ ಹತ್ತಿರ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು ಹೋಗಿದ್ದೆ. ಅದರ ಪ್ರಕಾರ ಡ್ರೈವರ್ ಹುಡುಕಿ ಸೇರಿಸಿದ. ಎಲ್ಲ ಮುದುರಿ ಮತ್ತೆ ಒಂದು ಫೈಲು ಮಾಡಲು ಅರ್ಧ ಗಂಟೆ ಹಿಡಿಯಿತು. ಲ್ಯಾಪ್‌ಟಾಪ್ ಕಾವಲಿ ಹಾಗೆ ಕಾದಿತ್ತು. ವರ್ಚುವಲ್ ಬಾಕ್ಸ್ ಅನ್ನುವ ಲೆಕ್ಕದ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆವು, ಚೆನ್ನಾಗಿ ಬಂತು. ನಾನು ಬಸ್ಸಿನಲ್ಲಿ ಪೆನ್‌ಡ್ರೈವನ್ನು ಅಂಗಿ ಜೇಬಿನಲ್ಲಿಟ್ಟು ಮೇಲೆ ಕೈ ಹಿಡಿದುಕೊಂಡೇ ಬಂದೆ.

ಸೋಮವಾರ ಶಾಲೆಯಲ್ಲಿ ಎಲ್ಲರ ಎದುರಿಗೆ ಹಾಕಿದರೆ, ಓಎಸ್ ಬಂತು, ಗುಬ್ಬಿ ಬಂತು, ನವಿಲು ಬಂತು. ಡಾಂಗಲ್ ಮಾತ್ರ ಸತ್ತಂತಿತ್ತು. ನನಗೆ ಅಳುವೇ ಬಂತು. ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಯಾರು ಅಂತ ನನಗೆ ಗೊತ್ತು, ಇಲ್ಲಿ ಬರೆಯಲ್ಲ.

ಸಂಜೆ ಅಣ್ಣನಿಗೆ ಫೋನ್ ಮಾಡಿದಾಗ ತಪ್ಪು ತಿಳಿಯಿತು. ಓಎಸ್ಸಿನ ಒಳಗಿನ ಮುಖ್ಯ ಭಾಗಕ್ಕೆ ಕರ್ನಲ್ ಅಂತಾರೆ. ಈ ಡ್ರೈವರನ್ನು ಕರ್ನಲ್ಲಿನ ಅಳತೆಗೇ ಹೊಲಿಯಬೇಕು. ಅಳತೆ ಬರೆದಿರುವ ಹೆಡರ್ ಅನ್ನುವ ಫೈಲುಗಳನ್ನು ನಾವು ಹಾಕಿರಲಿಲ್ಲ. ಹಾಗಾಗಿ ಬಟ್ಟೆ ಒಳಗಿತ್ತು, ಅಂಗಿ ಆಗಿರಲಿಲ್ಲ. ವರ್ಚುವಲ್ ಬಾಕ್ಸಿನಲ್ಲಿ ಯಾಕೆ ಗೊತ್ತಾಗಲಿಲ್ಲ ಅಂದರೆ, ಅದರಲ್ಲಿ ಇರೋದು ಅದರದೇ ಕಲ್ಪನೆಯ ನೆಟ್‌ವರ್ಕ್ ಕಾರ್ಡು. ನಮ್ಮ ಡಾಂಗಲನ್ನು ಅದು ನೋಡೇ ಇಲ್ಲ. ಡ್ರೈವರ್ ಪರೀಕ್ಷೆ ಆಗಬೇಕಾದರೆ ನಿಜವಾದ ಕಂಪ್ಯೂಟರಿನಲ್ಲೇ ಆಗಬೇಕು.

ಮುಂದಿನ ವಾರ ಅಣ್ಣ ಮೊದಲು ಅಪ್‌ಗ್ರೇಡ್ ಮಾಡಿ, ಆಮೇಲೆ ಹೊಸ ಕರ್ನಲ್ಲಿನ ಹೆಡರ್, ಅದರ ಮೇಲೆ ಡ್ರೈವರ್, ಹೀಗೆ ಸಾಲಾಗಿ ಹಾಕಿ ಎರಡನೇ ಸಲ ಮಾಡಿದ. ಸಾಲು ತಪ್ಪಿದರೆ ಹಳೇ ಅಳತೆಯ ಅಂಗಿ ಹೊಸ ಮೈಗೆ ಆಗಲ್ಲ. ಈ ಸಲ ಡಾಂಗಲಿನ ನೀಲಿ ದೀಪ ಮಿನುಗಿತು. ಎರಡು ಪೆನ್‌ಡ್ರೈವ್ ಮಾಡಿ, ಶನಿವಾರ ಶಾಲೆ ಬಿಟ್ಟ ಮೇಲೆ ಕೂತೆವು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಎರಡನೆಯದರಿಂದ ನಾನೇ ಹಾಕಿದೆ, ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡಿದರು. ಪಾಸ್‌ವರ್ಡನ್ನು ಮಾತ್ರ ಪೆನ್‌ಡ್ರೈವ್ ಒಳಗೆ ಸೇರಿಸಬಾರದು, ಅದು ಯಾರ ಕೈಗೆ ಹೋದರೂ ಗುಟ್ಟು ಹೋದಂತೆ. ಅದನ್ನು ಪ್ರತಿ ಕಂಪ್ಯೂಟರಿನಲ್ಲಿ ಬೇರೆ ಕೊಟ್ಟೆವು.

ಒಂಬತ್ತು ಓಡುತ್ತಿವೆ. ಹತ್ತನೆಯದರ ಡಿಸ್ಕು ಟಕ್ ಟಕ್ ಅನ್ನುತ್ತೆ, ಅದಕ್ಕೆ ಯಾವ ಪೆನ್‌ಡ್ರೈವೂ ಮದ್ದಲ್ಲ, ಡಿಸ್ಕೇ ಬದಲಿಸಬೇಕು. ಬುಧವಾರ ಮತ್ತು ಶುಕ್ರವಾರ ಕೊನೇ ಪಿರಿಯಡ್ಡು ಏಳನೇ ತರಗತಿಗೆ, ಉಳಿದ ದಿನ ಐದು, ಆರಕ್ಕೆ.

ಪೆನ್‌ಡ್ರೈವ್ ಹೆಡ್ ಮಾಸ್ಟರ ಬೀರುವಿನಲ್ಲಿದೆ, ಮೇಲೆ ತಾರೀಖು ಬರೆದಿದ್ದೇವೆ. ಸಾರಿನ ಪುಡಿಗೂ ವಾಸನೆ ಹೋಗೋ ಹಾಗೆ ಇದೂ ಹಳೆಯದಾಗುತ್ತೆ. ಇವತ್ತಿನ ತೇಪೆಗಳಷ್ಟೇ ಅದರಲ್ಲಿರೋದು, ಆರು ತಿಂಗಳಿಗೊಮ್ಮೆ ಹೊಸದಾಗಿ ಮಾಡಬೇಕು. ಆ ಹೊತ್ತಿಗೆ ನಾವು ಇಲ್ಲಿರಲ್ಲ. ಅದಕ್ಕೆ ಆರನೇ ತರಗತಿಯಿಂದ ಇಬ್ಬರು ಬೇಕು. ಇಂಗ್ಲಿಷ್ ಅಷ್ಟು ಬರದಿದ್ದರೂ ಪರವಾಗಿಲ್ಲ, 64 ಅಕ್ಷರ ತಪ್ಪದೆ ಓದುವ ತಾಳ್ಮೆ ಇರಬೇಕು. ಶನಿವಾರ ಶಾಲೆ ಬಿಟ್ಟ ಮೇಲೆ ಗಣಿತದ ಮೇಷ್ಟ್ರ ಹತ್ತಿರ ಹೆಸರು ಬರೆಸಿ.

ಏಳನೇ ತರಗತಿ