ಕಲ್ಕತ್ತಕ್ಕಿಂತ ಮೊದಲು ಕೃಷ್ಣಾ ತೀರಕ್ಕೆ

ಕಲ್ಕತ್ತದಲ್ಲಿ ಟಿ.ವಿ. ಕೇಂದ್ರ ಶುರುವಾದದ್ದು 1975ರ ಆಗಸ್ಟ್ 9ರಂದು. ಮದ್ರಾಸಿನಲ್ಲಿ ಆಗಸ್ಟ್ 15ರಂದು. ಬೆಂಗಳೂರಿನವರು 1981ರ ನವೆಂಬರ್ 1ರ ತನಕ ಕಾಯಬೇಕಾಯಿತು. ಈ ಮೂರೂ ಊರುಗಳಿಗಿಂತ ಮೊದಲು, 1975ರ ಆಗಸ್ಟ್ 1ರಂದೇ, ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳಿಗೆ ಟಿ.ವಿ. ಬಂತು. ಬಂದದ್ದು ಕನ್ನಡದಲ್ಲಿ, ನೇರವಾಗಿ ಉಪಗ್ರಹದಿಂದ.

ಅದರ ಹೆಸರು ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. ಚುಟುಕಾಗಿ ಸೈಟ್. 1975ರ ಆಗಸ್ಟ್ 1ಕ್ಕೆ ಆರಂಭ, 1976ರ ಜುಲೈ 31ಕ್ಕೆ ಮುಕ್ತಾಯ; ಲೆಕ್ಕಕ್ಕೆ ಸರಿಯಾಗಿ ಒಂದು ವರ್ಷ. ಭಾರತದ ಪ್ರಸಾರ ಕ್ಷೇತ್ರದಲ್ಲಿ ಇಷ್ಟು ಘಟನೆಗಳು ಕಿಕ್ಕಿರಿದ ಇನ್ನೊಂದು ವರ್ಷವನ್ನು ಹುಡುಕುವುದು ಕಷ್ಟ. ಕಲ್ಕತ್ತ, ಮದ್ರಾಸುಗಳ ಹಿಂದೆಯೇ ನವೆಂಬರ್ 27ರಂದು ಲಖನೌ ಕೇಂದ್ರ ಬಂತು. 1976ರ ಜನವರಿ 1ರಿಂದ ಟಿ.ವಿ.ಯಲ್ಲಿ ಜಾಹೀರಾತು ಶುರುವಾಯಿತು. ಏಪ್ರಿಲ್ 1ರಂದು ದೂರದರ್ಶನ ಆಕಾಶವಾಣಿಯಿಂದ ಬೇರೆಯಾಗಿ ತನ್ನದೇ ಇಲಾಖೆಯಾಯಿತು. ಇವೆಲ್ಲ ನಗರದ ಸುದ್ದಿಗಳು. ಆ ವರ್ಷದ ನಿಜವಾದ ದೊಡ್ಡ ಸುದ್ದಿ ಇದ್ದದ್ದು ಹಳ್ಳಿಯಲ್ಲಿ.

ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಮೇಲಿನ ಮೂರು ಜಿಲ್ಲೆಗಳು. ಆಂಧ್ರಪ್ರದೇಶದ ಪಾಲಿಗೆ ಹೈದರಾಬಾದ್, ಮೇದಕ್, ಕರ್ನೂಲು ಮತ್ತು ಮೆಹಬೂಬ್‌ನಗರ. ಅಂದರೆ ಕೃಷ್ಣೆಯ ಎರಡೂ ದಂಡೆ, ರಾಜ್ಯದ ಗಡಿಯ ಎರಡೂ ಬದಿ ಒಂದೇ ಪ್ರಯೋಗದೊಳಗೆ ಬಂದವು.

ಈ ಸೀಮೆಯನ್ನು ಬಲ್ಲವರಿಗೆ ಅದರ ಅರ್ಥ ಬೇಗ ಹೊಳೆಯುತ್ತದೆ. ಧರೂರು ಎಂಬ ಊರನ್ನೇ ನೋಡಿ: ಅದು ಇರುವುದು ಗದ್ವಾಲದ ಬದಿಯಲ್ಲಿ, ಕೃಷ್ಣಾ ತುಂಗಭದ್ರೆಗಳ ನಡುವೆ ಜನ ನಡಿಗಡ್ಡ ಎನ್ನುವ ಪ್ರದೇಶದಲ್ಲಿ. ಈಗ ಅದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ. ಆದರೆ 1956ರ ನವೆಂಬರ್ 1ಕ್ಕೆ ಮುಂಚೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆ ಕಾಯಿದೆ ಅವೆರಡನ್ನೂ, ಗುಲಬರ್ಗಾ ಜಿಲ್ಲೆಯ ಕೊಡಂಗಲ್ಲನ್ನೂ ತೆಗೆದು ಮೆಹಬೂಬ್‌ನಗರಕ್ಕೆ ಸೇರಿಸಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಹೊಳೆಯಾಚೆಯ ಮಕ್ತಲ್, ನಾರಾಯಣಪೇಟೆಗಳಲ್ಲೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಜೊತೆಗೆ ದಖನಿ ಉರ್ದು ಎಂಬಂಥ ಬದುಕು. ಗಡಿ ಬದಲಾಯಿತೆಂದು ನೆಂಟಸ್ತಿಕೆ ಬದಲಾಗಲಿಲ್ಲ. ಇಂಥ ನೆಲದ ಮೇಲೆ ಜಿಲ್ಲೆ, ರಾಜ್ಯ ನೋಡದ ಸಂಕೇತವೊಂದು 36,000 ಕಿ.ಮೀ. ಎತ್ತರದಿಂದ ಬಿತ್ತು.

ಉಪಗ್ರಹ ನಮ್ಮದಲ್ಲ, ಅಮೆರಿಕದ ನಾಸಾದ್ದು. ಹೆಸರು ಎಟಿಎಸ್-6. 1969ರ ಸೆಪ್ಟೆಂಬರ್ 18ರಂದೇ ಭಾರತ ಮತ್ತು ನಾಸಾ ನಡುವೆ ಇದಕ್ಕೆ ಒಪ್ಪಂದವಾಗಿತ್ತು. ಅದರ ಹಿಂದೆ ನಿಂತವರು ವಿಕ್ರಮ್ ಸಾರಾಭಾಯಿ. ಮೊದಲು ನಗರ, ಆಮೇಲೆ ಪಟ್ಟಣ, ಕಡೆಗೆ ಹಳ್ಳಿ ಎಂಬ ಕ್ರಮವನ್ನು ಅವರು ಒಪ್ಪಿರಲಿಲ್ಲ. ಗೋಪುರದಿಂದ ಗೋಪುರಕ್ಕೆ ಟಿ.ವಿ. ತೆವಳುತ್ತ ಬರುವ ತನಕ ಹಳ್ಳಿ ಯಾಕೆ ಕಾಯಬೇಕೆಂಬುದೇ ಅವರ ವಾದದ ತಿರುಳು. 1971ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ಇಸ್ರೊದ ಚುಕ್ಕಾಣಿ ಸತೀಶ್ ಧವನ್ ಕೈಗೆ ಬಂತು. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರಿನಲ್ಲಿ ಯಶ್ ಪಾಲ್ ನಿರ್ದೇಶಕರಾಗಿ, ಇ.ವಿ. ಚಿಟ್ನಿಸ್ ಸೈಟ್‌ನ ಮುಖ್ಯಸ್ಥರಾಗಿ ಅದನ್ನು ನೆಲಕ್ಕಿಳಿಸಿದರು.

1974ರ ಮೇ 30ರಂದು ಹಾರಿದ ಎಟಿಎಸ್-6 ಮೊದಲ ವರ್ಷ ಅಮೆರಿಕದ ಅಲಾಸ್ಕಾ, ಅಪಲೇಚಿಯ ಸೀಮೆಗಳಿಗೆ ದುಡಿಯಿತು. ಆಮೇಲೆ ಅದನ್ನು ಪೂರ್ವಕ್ಕೆ ಸರಿಸಿ, ಆಫ್ರಿಕದ ವಿಕ್ಟೋರಿಯಾ ಸರೋವರದ ನೆತ್ತಿಯ ಬಳಿ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿದರು. ಅದರ ಆಂಟೆನಾ ಮಡಚಿಕೊಂಡು ಮೇಲೇರಿ, ಅಲ್ಲಿ ಛತ್ರಿ ಬಿಚ್ಚಿದಂತೆ ಬಿಚ್ಚಿಕೊಂಡಿತ್ತು: ಅಗಲ 9 ಮೀಟರಿಗೂ ಹೆಚ್ಚು. ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮೇಲಿನ ಆಂಟೆನಾ ದೊಡ್ಡದಾದಷ್ಟೂ ಕೆಳಗಿನದು ಸಣ್ಣದಾಗಬಹುದು, ಅಗ್ಗವಾಗಬಹುದು. ಆಗಿನ ಉಪಗ್ರಹ ಸಂಕೇತ ಹಿಡಿಯಲು ದೊಡ್ಡ ಭೂಕೇಂದ್ರಗಳೇ ಬೇಕಿದ್ದವು. ಸೈಟ್‌ನ ಹಳ್ಳಿಗೆ ಬಂದದ್ದು ಕೋಳಿ ಗೂಡಿಗೆ ಹೊಡೆಯುವ ತಂತಿ ಜಾಲರಿಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬೋಗುಣಿ. ಅದಕ್ಕೊಂದು ಸಂಕೇತ ಪರಿವರ್ತಿಸುವ ಪೆಟ್ಟಿಗೆ, ಮತ್ತೆ ಹೈದರಾಬಾದಿನ ಇಸಿಐಎಲ್ ತಯಾರಿಸಿದ 24 ಇಂಚಿನ ಕಪ್ಪು ಬಿಳುಪು ಟಿ.ವಿ. ಕರೆಂಟು ಇನ್ನೂ ಬಾರದಿದ್ದ ಕೆಲವು ಹಳ್ಳಿಗಳಲ್ಲಿ ಅದು ಬ್ಯಾಟರಿಯ ಮೇಲೆ ನಡೆಯಿತು.

ಈ ಭಾಗದ ಜಾಲರಿಗಳೆಲ್ಲ ಪಡುವಣಕ್ಕೆ, ತುಸು ತೆಂಕಣಕ್ಕೆ ವಾಲಿ ನಿಂತಿದ್ದವು, ಉಪಗ್ರಹ ಆ ದಿಕ್ಕಿನಲ್ಲಿತ್ತು. ಭೂಸ್ಥಿರ ಕಕ್ಷೆಯ ಉಪಗ್ರಹದಿಂದ ಪ್ರಸಾರ ಸಾಧ್ಯವೆಂದು 1945ರಲ್ಲೇ ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರ ಕೊಲಂಬೊ ಮನೆಗೂ ಇಸ್ರೊ ಒಂದು ಆಂಟೆನಾ ಹೊಂದಿಸಿಕೊಟ್ಟಿತು. ಆ ಲೇಖಕ ಕಲ್ಪಿಸಿದ್ದನ್ನು ಮೊದಲು ದಿನಬಳಕೆಗೆ ಪಡೆದವರ ಸಾಲಿನಲ್ಲಿ ಜೋಳ, ಶೇಂಗಾ ಬೆಳೆಯುವ ನಮ್ಮ ರೈತರಿದ್ದರು. ಹೆಮ್ಮೆಯಿಂದ ನೆನೆಯಬೇಕಾದ ಈ ಮಾತು ನಮ್ಮ ಶಾಲೆಯ ಪುಸ್ತಕಗಳಲ್ಲಿ ಕಾಣುವುದು ಅಪರೂಪ.

ದಿನಕ್ಕೆ ನಾಲ್ಕು ತಾಸು ಪ್ರಸಾರ. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ. ಹಿಂದಿ, ಕನ್ನಡ, ತೆಲುಗು, ಒರಿಯಾ ನಾಲ್ಕೂ ಅದನ್ನು ಹಂಚಿಕೊಂಡಿದ್ದರಿಂದ ಪ್ರತಿ ಭಾಷೆಗೆ ಸಿಕ್ಕದ್ದು ಸುಮಾರು 22 ನಿಮಿಷ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ: ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ದನಕರುಗಳ ಪಾಲನೆ, ಹಾಡು ಕುಣಿತ. ಅದರಲ್ಲಿ ಅರ್ಧ ತಾಸು ಇಡೀ ದೇಶಕ್ಕೆ ಒಂದೇ ಎಂದು ಹಿಂದಿಯಲ್ಲಿ ಇರುತ್ತಿತ್ತು.

ಉಪಗ್ರಹಕ್ಕೆ ಇನ್ನೊಂದು ಗುಣವಿತ್ತು. ಒಂದು ಚಿತ್ರದ ಜೊತೆಗೆ ಎರಡು ಬೇರೆ ಬೇರೆ ಧ್ವನಿಗಳನ್ನು ಅದು ಕಳಿಸಬಲ್ಲದಾಗಿತ್ತು. ಒಂದೇ ದೃಶ್ಯ, ಎರಡು ಭಾಷೆ. 1975ರಲ್ಲಿ ಇಂಥದ್ದೊಂದು ಸೌಲಭ್ಯ ಗಡಿಸೀಮೆಯ ಪಾಲಿಗೆ ಎಷ್ಟು ಬೆಲೆಯದೆಂದು ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಎಲ್ಲಿ? ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ದೂರದರ್ಶನ ಇದಕ್ಕೆಂದು ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಮೂರು ನಿರ್ಮಾಣ ಕೇಂದ್ರಗಳನ್ನು ತೆರೆದಿತ್ತು. ಕನ್ನಡ, ತೆಲುಗು ಎರಡೂ ಹೈದರಾಬಾದಿನ ಪಾಲಾದವು. ಹಾಗಾಗಿ ಕನ್ನಡ ಟಿ.ವಿ.ಯ ಚರಿತ್ರೆ ಬರೆಯುವವರು ಮೊದಲ ಅಧ್ಯಾಯವನ್ನು ಹೈದರಾಬಾದಿನಿಂದ ಶುರುಮಾಡಬೇಕು. ರಾಯಚೂರು, ಗದ್ವಾಲದವರಿಗೆ ಅದು ಪರವೂರೂ ಅಲ್ಲ. ನಿಜಾಮರ ಕಾಲದಿಂದ ಕೋರ್ಟು, ಆಸ್ಪತ್ರೆ, ಕಾಲೇಜಿಗೆಂದು ಹೋಗಿಬರುತ್ತಿದ್ದ ಊರು.

ಟಿ.ವಿ. ಯಾರ ಮನೆಯಲ್ಲೂ ಇರಲಿಲ್ಲ. ಶಾಲೆ, ಪಂಚಾಯ್ತಿ ಕಟ್ಟಡಗಳಂಥ ಎಲ್ಲರೂ ಬರಬಹುದಾದ ಜಾಗದಲ್ಲಿ ಇಟ್ಟರು. ಕೀಲಿಕೈ ಎಷ್ಟೋ ಕಡೆ ಮಾಸ್ತರರ ಹತ್ತಿರ. ಮೊದಲ ದಿನಗಳ ನೂಕುನುಗ್ಗಲು ಕಳೆದ ಮೇಲೂ ಒಂದು ಡಬ್ಬಿಯ ಮುಂದೆ ಸುಮಾರು ನೂರು ಜನ ಸೇರುತ್ತಿದ್ದರು. ಬಂದವರಲ್ಲಿ ಬಹಳ ಮಂದಿ ಓದು ಬರಹ ಬಾರದವರು, ಹೊಲವಿಲ್ಲದ ಕೂಲಿಯವರು. ಪತ್ರಿಕೆ, ರೇಡಿಯೊ, ಸಿನಿಮಾ ಯಾವುದೂ ಅದುವರೆಗೆ ಮುಟ್ಟದವರು. ಹಣವಂತರ ಮನೆಯ ರೇಡಿಯೊ ಕೇಳಲು ಹೊರಗೆ ನಿಲ್ಲಬೇಕಿದ್ದ ಕಾಲದಲ್ಲಿ ಎಲ್ಲರದೂ ಆದ ಡಬ್ಬಿಯ ಮುಂದೆ ಕೂರುವುದು ಸಣ್ಣ ವಿಷಯವಲ್ಲ. ಹೆಂಗಸರಿಗೆ ಮಾತ್ರ ಸಂಜೆಯ ಹೊತ್ತು ಅನುಕೂಲದ್ದಲ್ಲ: ಒಲೆ ಹಚ್ಚುವ, ರೊಟ್ಟಿ ಬಡಿಯುವ ಹೊತ್ತು ಅದು. ವೇಳಾಪಟ್ಟಿ ಬರೆದವರು ಅಡಿಗೆಮನೆಯನ್ನು ಇನ್ನಷ್ಟು ನೆನೆಯಬೇಕಿತ್ತು.

ಹಿಂದಿಯ ಅರ್ಧ ತಾಸಿನ ಬಗ್ಗೆಯೂ ಒಂದು ಮಾತು. ದಖನಿ ಉರ್ದುವಿನ ನಂಟಿದ್ದ ಈ ಸೀಮೆಯಲ್ಲಿ ಅದು ಒಂದಿಷ್ಟು ಜನರ ಕಿವಿಗಾದರೂ ಬಿದ್ದಿರಬೇಕು. ಉಳಿದವರಿಗೆ ಆ ಹೊತ್ತು ವ್ಯರ್ಥ. ಆ ಕಾಲದ ಬಗ್ಗೆಯೂ ಹೇಳಬೇಕು: ತುರ್ತು ಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರಂದು. ಸೈಟ್‌ನ ಇಡೀ ವರ್ಷ ಅದರ ನೆರಳಿನಲ್ಲೇ ಕಳೆಯಿತು. ಸರ್ಕಾರ ಹೇಳಿದ್ದೇ ಸುದ್ದಿ ಎಂಬ ಕಾಲದಲ್ಲಿ ಹಳ್ಳಿಗೆ ಮೊದಲ ಟಿ.ವಿ. ಬಂತೆಂಬುದನ್ನು ಮರೆತು ಈ ವರ್ಷವನ್ನು ಹೊಗಳುವುದು ಸರಿಯಲ್ಲ.

ಆದರೂ ಗಟ್ಟಿ ಕೆಲಸ ಆಯಿತು. 1975ರ ಅಕ್ಟೋಬರಿನಲ್ಲಿ ಸುಮಾರು 24,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ 12 ದಿನಗಳ ವಿಜ್ಞಾನ ತರಬೇತಿ ನಡೆಯಿತು. ಟಿ.ವಿ. ಪಾಠ, ರೇಡಿಯೊ, ಅಚ್ಚಿನ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ ಎಲ್ಲವನ್ನೂ ಅದರಲ್ಲಿ ಸೇರಿಸಿದ್ದರು. ಮರುವರ್ಷ ಇನ್ನೊಂದು ಸುತ್ತು ಆಯಿತು; ಎರಡೂ ಸೇರಿ ಹತ್ತಿರಹತ್ತಿರ 50,000 ಮಂದಿ. ಕೊರೊನಾ ಕಾಲದಲ್ಲಿ ಆನ್‌ಲೈನ್ ತರಬೇತಿಯೆಂದು ನಾವು ಹೊಸದಾಗಿ ಕಂಡುಹಿಡಿದದ್ದಕ್ಕೆ ಇಷ್ಟು ಹಳೆಯ ಬೇರು ಇದೆ.

ರಿಪೇರಿಯ ಕಥೆಯೂ ಕಡಿಮೆಯದಲ್ಲ. ಮಣ್ಣು ರಸ್ತೆ, ಏರುಪೇರಿನ ಕರೆಂಟು, ಬೇಸಿಗೆಯ ಧೂಳು, ಮಳೆಗಾಲದ ಕೆಸರು. ಇಷ್ಟರ ನಡುವೆ ಯಾವುದೇ ದಿನ ನೋಡಿದರೂ ಹತ್ತರಲ್ಲಿ ಒಂಬತ್ತರಷ್ಟು ಡಬ್ಬಿಗಳು ನಡೆಯುವಂತೆ ನೋಡಿಕೊಂಡರು. ಜೀಪು ಹತ್ತಿ ಊರೂರು ತಿರುಗಿದ ತಂತ್ರಜ್ಞರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಸೈಟ್ ನಿಂತದ್ದು ಅವರ ಮೇಲೆ.

ಪರಿಣಾಮ ಏನಾಯಿತು? ಇಸ್ರೊ ಕಳಿಸಿದ ಸಮಾಜವಿಜ್ಞಾನಿಗಳು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸವಿದ್ದು ಇದನ್ನು ಗಮನಿಸಿದರು. ಅವರು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು. ಆರೋಗ್ಯ, ಕುಟುಂಬ ಯೋಜನೆಯ ತಿಳಿವಳಿಕೆ ಹೆಚ್ಚಿತ್ತು. ಮಕ್ಕಳ ಭಾಷೆ, ಕೇಳಿ ತಿಳಿಯುವ ಹಂಬಲ ಬೆಳೆದಿತ್ತು. ಆದರೆ ಶಾಲೆಗೆ ಸೇರುವವರ, ನಡುವೆ ಬಿಡುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬೇಸಾಯದಲ್ಲೂ ಅಷ್ಟೇ: ತೆರೆಯ ಮೇಲೆ ಹೊಸ ಬೀಜ ತೋರಿಸಿದರೆ ಸಾಲದು, ಅದು ತಾಲ್ಲೂಕಿನ ಅಂಗಡಿಯಲ್ಲಿ ಸಿಗಬೇಕು, ಸಾಲ ಸಿಗಬೇಕು, ನೀರು ಬೇಕು. ಧರೂರಿನ ರೇವುಲಪಲ್ಲಿ ಬಳಿ ಈಗ ಕೃಷ್ಣೆಗೆ ಅಡ್ಡವಾಗಿ ನಿಂತಿರುವ ಜುರಾಲ ಅಣೆಕಟ್ಟು ಆಗಿನ್ನೂ ಬಂದಿರಲಿಲ್ಲ.

1976ರ ಜುಲೈ 31ಕ್ಕೆ ಎಲ್ಲ ನಿಂತಿತು. ಒಪ್ಪಂದ ಇದ್ದದ್ದೇ ಒಂದು ವರ್ಷಕ್ಕೆ. ಉಪಗ್ರಹವನ್ನು ಮತ್ತೆ ಪಶ್ಚಿಮಕ್ಕೆ ಒಯ್ದರು. ಕೊಟ್ಟು ಕಿತ್ತುಕೊಂಡಂತಾಯಿತೆಂಬ ಟೀಕೆಯಲ್ಲಿ ನ್ಯಾಯವಿತ್ತು. ಅದಕ್ಕೆ ಉತ್ತರವಾಗಿ ಸರ್ಕಾರ ಆರು ಕಡೆ ನೆಲದ ಮೇಲಿನ ಟ್ರಾನ್ಸ್‌ಮಿಟರುಗಳನ್ನು ಹಾಕಿತು. 1977ರ ಸೆಪ್ಟೆಂಬರ್ 3ರಂದು ಶುರುವಾದ ಗುಲಬರ್ಗಾ ಅವುಗಳಲ್ಲಿ ಒಂದು, ಕರ್ನಾಟಕದ ಮೊದಲ ಟಿ.ವಿ. ಕೇಂದ್ರವೂ ಅದೇ. ಹೈದರಾಬಾದಿನ ಕೇಂದ್ರ ಅದೇ ವರ್ಷ ಅಕ್ಟೋಬರ್ 23ರಂದು ಬಂತು. ಗೋಪುರದ ಸಂಕೇತಕ್ಕೆ ದೂರದ ಮಿತಿಯಿದೆ. ಉಪಗ್ರಹದ ಕಣ್ಣಿಗೆ ಒಂದೇ ಆಗಿದ್ದ ಸೀಮೆಯಲ್ಲಿ ಗೋಪುರಕ್ಕೆ ಹತ್ತಿರದ ಹಳ್ಳಿಗಳು ಉಳಿದವು, ದೂರದವು ಕಳೆದುಕೊಂಡವು. ಸೈಟ್‌ನ ಎಷ್ಟೋ ಊರುಗಳಿಗೆ ಟಿ.ವಿ. ಮರಳಿ ಬಂದದ್ದು 1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ, ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರುಗಳು ಬಂದ ಮೇಲೆ. ಆಗ ಬಂದದ್ದು ದೆಹಲಿಯ ಹಿಂದಿ ಕಾರ್ಯಕ್ರಮ.

ಹೈದರಾಬಾದಿನ ನಂಟು ಮಾತ್ರ ಕಡಿಯಲಿಲ್ಲ. 2000ದ ಡಿಸೆಂಬರ್ 10ರಂದು ಈಟಿವಿ ಕನ್ನಡ ಶುರುವಾದಾಗ ಅದರ ಪ್ರಸಾರ ನಡೆದದ್ದು ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಿಂದ. ಉತ್ತರ ಕರ್ನಾಟಕದ ಎಷ್ಟೋ ತರುಣ ತರುಣಿಯರು ಅಲ್ಲಿ ಸುದ್ದಿಮನೆಯ ಕೆಲಸ ಕಲಿತರು. 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡವಾಯಿತು.

ಈಗ ಗದ್ವಾಲ, ಮಕ್ತಲ್ ಕಡೆಯ ಮಾಳಿಗೆಗಳ ಮೇಲಿನ ಡಿಟಿಎಚ್ ಬುಟ್ಟಿಗಳು ಆಗ್ನೇಯದ ಕಡೆಗೆ ಮುಖಮಾಡಿವೆ. ಉಪಗ್ರಹಗಳು ಆ ಬದಿಗಿವೆ. ಮೂರು ಮೀಟರಿನ ಜಾಲರಿಯ ಜಾಗದಲ್ಲಿ ಊಟದ ಹರಿವಾಣಕ್ಕಿಂತ ತುಸು ದೊಡ್ಡ ಬುಟ್ಟಿ. ವಾಹಿನಿಗಳು ನೂರಾರು. ಆದರೆ ಕಂಪನಿಗಳು ಪ್ಯಾಕುಗಳನ್ನು ಕಟ್ಟುವುದು ರಾಜ್ಯದ ಲೆಕ್ಕದಲ್ಲಿ. ತೆಲಂಗಾಣದ ವಿಳಾಸವಿದ್ದರೆ ತೆಲುಗಿನ ಪ್ಯಾಕು. ಕನ್ನಡ ಬೇಕೆಂದರೆ ಬೇರೆಯಾಗಿ ಆರಿಸಿ, ಬೇರೆಯಾಗಿ ಹಣ ಕಟ್ಟಬೇಕು. ಬೇಕಾದ ವಾಹಿನಿಯನ್ನಷ್ಟೇ ಆರಿಸಿಕೊಳ್ಳುವ ಹಕ್ಕನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರಲ್ಲಿ ಗ್ರಾಹಕರಿಗೆ ಕೊಟ್ಟಿತು. ಆ ಹಕ್ಕು ಇದೆಯೆಂದು ಹಳ್ಳಿಯ ಮನೆಗೆ ಹೇಳುವವರು ಕಡಿಮೆ.

ಒಂದು ದೃಶ್ಯಕ್ಕೆ ಹಲವು ಧ್ವನಿ ಕೊಡುವುದು ಈಗ ಮಾಮೂಲಿ ಕೆಲಸ. 2023ರ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾ ಕನ್ನಡವೂ ಸೇರಿ 12 ಭಾಷೆಗಳಲ್ಲಿ ಕೊಟ್ಟಿತು. ಕ್ರಿಕೆಟ್ಟಿಗೆ ಸಾಧ್ಯವಾದದ್ದು ಒಕ್ಕಲುತನಕ್ಕೂ ಸಾಧ್ಯ. ಹೈದರಾಬಾದಿನ ಡಿಡಿ ಯಾದಗಿರಿಯ ಕೃಷಿ ಕಾರ್ಯಕ್ರಮಕ್ಕೆ ಕನ್ನಡದ ಎರಡನೆಯ ಧ್ವನಿಯನ್ನೂ, ಬೆಂಗಳೂರಿನ ಚಂದನದ ಕೃಷಿ ಕಾರ್ಯಕ್ರಮಕ್ಕೆ ತೆಲುಗಿನ ಎರಡನೆಯ ಧ್ವನಿಯನ್ನೂ ಜೋಡಿಸಬಹುದು. ಆಗ ಧರೂರಿನ ಕನ್ನಡದ ಮನೆಗೂ ರಾಯಚೂರಿನ ತೆಲುಗಿನ ಮನೆಗೂ ತಮ್ಮದೇ ರಾಜ್ಯದ ಬೆಳೆ ವಿಮೆ, ಮಾರುಕಟ್ಟೆ ದರ, ಹವಾಮಾನದ ಸುದ್ದಿ ತಮ್ಮದೇ ಮಾತಿನಲ್ಲಿ ಸಿಗುತ್ತದೆ. ಇದಕ್ಕೆ ಹೊಸ ಉಪಗ್ರಹವೇನೂ ಬೇಡ. ಪ್ರಸಾರ ಭಾರತಿಯ ಈ ಎರಡು ಕೇಂದ್ರಗಳು ಒಪ್ಪಿಕೊಂಡು, ಭಾಷಾಂತರಿಸಿ ಓದುವ ನಾಲ್ಕಾರು ಜನರನ್ನು ನೇಮಿಸಿಕೊಂಡರೆ ಸಾಕು.